ಬೇಸಿಗೆ ರಜೆಗೊಂದು ದಪ್ಪ ಪುಸ್ತಕ

ಈ ಬೇಸಿಗೆ ಪುಸ್ತಕ ಮೇಳವನ್ನು ಉದ್ಘಾಟಿಸಲು ಸಂಘಟಕರು ನನ್ನನ್ನು ಕರೆದಿದ್ದಾರೆ. ಯಾವ ಮಳಿಗೆಯಲ್ಲಿ ಏನಿದೆ ಎಂಬುದನ್ನು ಅವರು ನನಗಿಂತ ಚೆನ್ನಾಗಿ ಹೇಳಬಲ್ಲರು. ನಾನು ಒಂದೇ ಒಂದು ವಿಷಯ ಎತ್ತಿಕೊಳ್ಳುತ್ತೇನೆ. ಚಿಕ್ಕಂದಿನಲ್ಲಿ ಕಥೆಯೆಂದರೆ ಜೀವ ಬಿಡುತ್ತಿದ್ದ ಮಕ್ಕಳು ಹೈಸ್ಕೂಲಿಗೆ ಬರುವಷ್ಟರಲ್ಲಿ ಓದು ಬಿಟ್ಟಿರುತ್ತಾರೆ. ದೊಡ್ಡವರ ಕಥೆಯೂ ಬೇರೆಯಲ್ಲ. ಹೀಗೆ ಬಿಟ್ಟುಹೋದ ಓದಿನ ರುಚಿ ಮತ್ತೆ ಹತ್ತುವುದು ಹೇಗೆ? ಕಂಪ್ಯೂಟರು, ಮೊಬೈಲು ಎತ್ತಿಟ್ಟ ಒಂದು ಬೇಸಿಗೆ ಮತ್ತು ಓದುವವರು ತಾವೇ ಆರಿಸಿಕೊಂಡ ಒಂದು ದಪ್ಪ ಫ್ಯಾಂಟಸಿ ಕಾದಂಬರಿ, ಇವೆರಡೂ ಕೂಡಿದರೆ ಆ ರುಚಿ ಹತ್ತುತ್ತದೆ ಎಂಬುದು ನನ್ನ ವಾದ. ಎರಡರಲ್ಲಿ ಒಂದಿದ್ದರೆ ಸಾಲದು.

ಮೊದಲು ಆಯ್ಕೆಯ ಮಾತು. 1936ರಲ್ಲಿ ಲಂಡನ್ನಿನ ಪ್ರಕಾಶಕ ಸ್ಟ್ಯಾನ್ಲಿ ಅನ್‌ವಿನ್ ಅವರ ಬಳಿಗೆ ಆಕ್ಸ್‌ಫರ್ಡಿನ ಪ್ರಾಧ್ಯಾಪಕರೊಬ್ಬರ ಹಸ್ತಪ್ರತಿ ಬಂತು. ಮಕ್ಕಳ ಪುಸ್ತಕಕ್ಕೆ ಮಕ್ಕಳೇ ಸರಿಯಾದ ಪರೀಕ್ಷಕರು ಎಂದು ನಂಬಿದ್ದ ಅನ್‌ವಿನ್ ಅದನ್ನು ತಮ್ಮ ಹತ್ತು ವರ್ಷದ ಮಗ ರೇನರ್‌ಗೆ ಕೊಟ್ಟರು. ಒಂದು ವರದಿಗೆ ಒಂದು ಶಿಲಿಂಗ್ ಸಂಭಾವನೆ. ಹುಡುಗ ಓದಿ, ಪುಸ್ತಕ ಚೆನ್ನಾಗಿದೆ, ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ಹಿಡಿಸುತ್ತದೆ ಎಂದು ಬರೆದುಕೊಟ್ಟ. ಮಾರನೆಯ ವರ್ಷ ಸೆಪ್ಟೆಂಬರಿನಲ್ಲಿ ಟೋಲ್ಕೀನರ ‘ದಿ ಹಾಬಿಟ್’ ಹೊರಬಂತು. ಮೊದಲ ಮುದ್ರಣದ 1500 ಪ್ರತಿಗಳು ಡಿಸೆಂಬರಿನೊಳಗೆ ಮುಗಿದವು. ಹತ್ತು ವರ್ಷದ ಓದುಗನೊಬ್ಬನನ್ನು ಗೌರವದಿಂದ ಕೇಳಿದ್ದರು, ಅವನು ಹೇಳಿದ್ದನ್ನು ನಂಬಿದ್ದರು. ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ಮಗುವಿಗೆ ಪುಸ್ತಕ ಕೊಳ್ಳುವಾಗ ಇಷ್ಟು ಮಾತ್ರದ ಗೌರವವೂ ಸಿಗುತ್ತಿಲ್ಲ.

ಇದು ಬರಿಯ ಭಾವುಕತೆಯಲ್ಲ, ಪರೀಕ್ಷಿಸಿ ನೋಡಿದ್ದೂ ಇದೆ. ಅಮೆರಿಕದ ರಿಚರ್ಡ್ ಅಲಿಂಗ್ಟನ್ ಮತ್ತು ಆನ್ ಮೆಕ್‌ಗಿಲ್-ಫ್ರಾನ್ಜೆನ್ ಎಂಬ ಶಿಕ್ಷಣತಜ್ಞರು ಫ್ಲಾರಿಡಾದಲ್ಲಿ ಬಡಮಕ್ಕಳು ಹೆಚ್ಚಾಗಿರುವ 17 ಪ್ರಾಥಮಿಕ ಶಾಲೆಗಳನ್ನು ಆರಿಸಿಕೊಂಡರು. ರಜೆಗೆ ಮುಂಚೆ ಶಾಲೆಯಲ್ಲೇ ಪುಸ್ತಕ ಮೇಳ ಹೂಡಿ, ಮಕ್ಕಳೇ ಹೋಗಿ ಬೇಕಾದ 12 ಪುಸ್ತಕ ಎತ್ತಿಕೊಂಡು ಮನೆಗೆ ಒಯ್ಯುವಂತೆ ಮಾಡಿದರು. ಮೂರು ಬೇಸಿಗೆ ಹೀಗೆ ನಡೆಯಿತು. ಪಾಠವಿಲ್ಲ, ಪ್ರಶ್ನೆಪತ್ರಿಕೆಯಿಲ್ಲ. 2010ರಲ್ಲಿ ಫಲಿತಾಂಶ ಪ್ರಕಟವಾದಾಗ ತಿಳಿದದ್ದು, ಆ ಮಕ್ಕಳ ಓದುವ ಸಾಮರ್ಥ್ಯದಲ್ಲಾದ ಏರಿಕೆ ಬೇಸಿಗೆ ತರಗತಿಗೆ ಹೋದವರಲ್ಲಿ ಆಗುವಷ್ಟೇ ಇತ್ತು ಎಂಬುದು. ಮೊದಲ ವರ್ಷ ಮಕ್ಕಳು ಮುಗಿಬಿದ್ದು ಆರಿಸಿಕೊಂಡ ಪುಸ್ತಕ ಯಾವುದು ಗೊತ್ತೆ? ಪಾಪ್ ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ಅವರ ಜೀವನಚರಿತ್ರೆ! ಯಾವ ಪಂಡಿತರೂ ಅದನ್ನು ಶಿಫಾರಸು ಮಾಡುತ್ತಿರಲಿಲ್ಲ. ಇನ್ನೊಂದು ಅಧ್ಯಯನ ಬ್ರಿಟನ್ನಿನದು. 1970ರಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಮಾಹಿತಿಯನ್ನು ಆಲಿಸ್ ಸಲಿವನ್ ಮತ್ತು ಮ್ಯಾಟ್ ಬ್ರೌನ್ 2013ರಲ್ಲಿ ವಿಶ್ಲೇಷಿಸಿದರು. ಹತ್ತರಿಂದ ಹದಿನಾರರ ನಡುವೆ ಸಂತೋಷಕ್ಕಾಗಿ ಓದುತ್ತಿದ್ದವರು ಶಬ್ದಸಂಪತ್ತಿನಲ್ಲಿ ಮುಂದೆ ಹೋಗಿದ್ದರು, ಅದು ಸಹಜ. ಗಣಿತದಲ್ಲೂ ಮುಂದೆ ಹೋಗಿದ್ದರು. ಬುದ್ಧಿವಂತ ಮಕ್ಕಳೇ ಓದುತ್ತಾರೆ, ಓದಿನಿಂದ ಬುದ್ಧಿ ಬಂತೆಂದು ಹೇಗೆ ಹೇಳುತ್ತೀರಿ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆಂದೇ ಆ ಸಂಶೋಧಕರು ಐದನೆಯ ಮತ್ತು ಹತ್ತನೆಯ ವಯಸ್ಸಿನ ಪರೀಕ್ಷೆಗಳಲ್ಲಿ ಸರಿಸಮಾನರಾಗಿದ್ದ ಮಕ್ಕಳನ್ನೇ ಹೋಲಿಸಿ ನೋಡಿದ್ದಾರೆ. ಆಗಲೂ ಓದಿನ ಲಾಭ ಉಳಿಯಿತು.

ಇನ್ನು ಬೇಸಿಗೆ. ನಮ್ಮ ಶಾಲೆಗಳಿಗೆ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ರಜೆ. ವರ್ಷದಲ್ಲಿ ಒಂದು ಕಾದಂಬರಿಯನ್ನು ಉದ್ದಕ್ಕೂ ಓದಲು ಬೇಕಾದಷ್ಟು ಸಮಯ ಸಿಗುವುದು ಈಗ ಮಾತ್ರ. ಐನೂರು ಪುಟದ ಪುಸ್ತಕ ಕಾಲು ಗಂಟೆಯ ಬಿಡುವುಗಳಲ್ಲಿ ಮುಗಿಯುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಹಿಡಿದದ್ದು ದೀಪ ಹಚ್ಚುವ ಹೊತ್ತಿಗೆ ಕೆಳಗಿಡುವಂತಿರಬೇಕು. ಮನೆಯಲ್ಲಿ ಕಂಪ್ಯೂಟರು ತೆರೆದಿದ್ದರೆ ಈ ಮಧ್ಯಾಹ್ನ ಸಿಗುವುದಿಲ್ಲ. ಮುಂದೇನು ನೋಡಬೇಕೆಂದು ಆ ಯಂತ್ರವೇ ತೀರ್ಮಾನಿಸುತ್ತದೆ, ಒಂದು ವಿಡಿಯೊ ಮುಗಿಯುವ ಮೊದಲೇ ಇನ್ನೊಂದನ್ನು ತಂದು ನಿಲ್ಲಿಸುತ್ತದೆ. ಬೇಸರವಾಗಲು ಅದು ಬಿಡುವುದೇ ಇಲ್ಲ. ಮಗುವಿಗೆ ಒಂದಿಷ್ಟು ಬೇಸರವಾಗಬೇಕು. ಬೇಸರವಾದಾಗಲೇ ಕೈ ಕಪಾಟಿನ ಕಡೆಗೆ ಹೋಗುತ್ತದೆ. ಕಂಪ್ಯೂಟರಿನಿಂದಲೇ ಅನ್ನ ಸಂಪಾದಿಸುವ ಊರುಗಳಲ್ಲಿ ಇದೆಂಥ ಮಾತು ಎಂದು ಕೇಳಬಹುದು. ನಾನು ಕಂಪ್ಯೂಟರನ್ನು ಬೈಯುತ್ತಿಲ್ಲ, ಜೂನ್ ತಿಂಗಳಲ್ಲಿ ಅದು ಅಲ್ಲೇ ಇರುತ್ತದೆ. ಏಳು ವಾರದಲ್ಲಿ ಯಾವ ಮಗುವೂ ಹಿಂದೆ ಬೀಳುವುದಿಲ್ಲ. ನನ್ನ ಭಯವಿರುವುದು ಇನ್ನೊಂದು ಕಡೆ. ಪರದೆ ಆರಿಸಿದ ಕೂಡಲೇ ಆ ಹೊತ್ತನ್ನು ಅಬಾಕಸ್, ವೇದಗಣಿತ, ಮುಂದಿನ ತರಗತಿಯ ಟ್ಯೂಷನ್, ಬೇಸಿಗೆ ಶಿಬಿರಗಳಿಂದ ತುಂಬಿಬಿಡುತ್ತೇವೆ. ಹಾಗೆ ತುಂಬುವುದಾದರೆ ಕಂಪ್ಯೂಟರು ಮುಚ್ಚಿಸಿ ಫಲವೇನು?

ಫ್ಯಾಂಟಸಿಯೇ ಏಕೆ, ಜೀವನಚರಿತ್ರೆಯೋ ವಿಜ್ಞಾನವೋ ಆಗಬಾರದೆ? ಆಗಬಹುದು, ಫ್ಲಾರಿಡಾದ ಮಕ್ಕಳೇ ಅದಕ್ಕೆ ಸಾಕ್ಷಿ. ಆದರೆ ಓದಿನ ಅಭ್ಯಾಸ ತಪ್ಪಿಹೋದವರನ್ನು ಮತ್ತೆ ಕೂರಿಸುವ ಶಕ್ತಿ ಫ್ಯಾಂಟಸಿಗೆ ಹೆಚ್ಚು ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಪರದೆಯ ಮೇಲೆ ನಾವು ಕಲಿತಿರುವುದು ಹಾರಿಸಿ ಓದುವುದನ್ನು. ವಿಷಯ ಅರ್ಧ ಗೊತ್ತಿರುತ್ತದೆ, ಉಳಿದದ್ದನ್ನು ಊಹಿಸಿಕೊಳ್ಳುತ್ತೇವೆ. ಫ್ಯಾಂಟಸಿ ಕಾದಂಬರಿಯಲ್ಲಿ ಈ ಯುಕ್ತಿ ನಡೆಯುವುದಿಲ್ಲ. ಅಲ್ಲಿನ ಊರು, ನದಿ, ರಾಜರ ವಂಶಾವಳಿ, ಯಾರು ಯಾರನ್ನು ಮುಟ್ಟಬಹುದು, ಯಾವ ಬಾಗಿಲು ಎಂದು ತೆರೆಯುತ್ತದೆ, ಎಲ್ಲವೂ ಹೊಸದು. ಹತ್ತನೆಯ ಪುಟದಲ್ಲಿ ಒಂದು ಮಾತು ಹಾರಿಸಿದರೆ ನೂರನೆಯ ಪುಟದಲ್ಲಿ ದಾರಿ ತಪ್ಪುತ್ತದೆ. ಮೊದಲ ಐವತ್ತು ಪುಟ ಕಷ್ಟವೆನಿಸುತ್ತದೆ, ಮತ್ತೆ ಮತ್ತೆ ಹಿಂದಿನ ನಕ್ಷೆ ತಿರುವಿ ನೋಡಬೇಕಾಗುತ್ತದೆ. ಆಮೇಲೆ ಆ ಲೋಕದ ಪರಿಚಯವಾಗುತ್ತದೆ. ಪರಿಚಯವಾದ ಮೇಲೆ ಬಿಟ್ಟು ಬರಲು ಮನಸ್ಸಾಗುವುದಿಲ್ಲ. ದಪ್ಪ ಪುಸ್ತಕವನ್ನು ಮಕ್ಕಳು ಮುಟ್ಟುವುದಿಲ್ಲ ಎಂಬ ಮಾತು ಪ್ರಕಾಶಕರ ವಲಯದಲ್ಲಿ ಬಹುಕಾಲ ಇತ್ತು. 1997ರಲ್ಲಿ ಬಂದ ಮೊದಲ ಹ್ಯಾರಿ ಪಾಟರ್ ಇನ್ನೂರು ಚಿಲ್ಲರೆ ಪುಟದ್ದು. 2003ರಲ್ಲಿ ಬಂದ ಐದನೆಯದು ಏಳುನೂರು ದಾಟಿತು. ಮಕ್ಕಳು ಅದನ್ನು ಕೊಳ್ಳಲು ಮಧ್ಯರಾತ್ರಿ ಅಂಗಡಿಗಳ ಮುಂದೆ ಸಾಲು ನಿಂತರು.

ನಮ್ಮ ನಾಡಿನಲ್ಲಿ ಏಳುವ ಗಂಭೀರವಾದ ಆಕ್ಷೇಪಣೆ ಬೇರೆ. ಮಾಟ, ಮಂತ್ರ, ಮಾಯೆಯ ಕಥೆಗಳನ್ನು ಓದಿಸಿ ಮಕ್ಕಳಲ್ಲಿ ಮೌಢ್ಯ ಬಿತ್ತುತ್ತೀರಾ ಎಂದು ವಿಚಾರವಂತರು ಕೇಳುತ್ತಾರೆ. 2017ರಲ್ಲಿ ಮೌಢ್ಯ ನಿಷೇಧ ಕಾಯ್ದೆ ತಂದ ರಾಜ್ಯ ನಮ್ಮದು. ಈ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಉತ್ತರವಾಗಿ ಒಂದು ಪುಸ್ತಕವನ್ನೇ ಮುಂದಿಡುತ್ತೇನೆ. ಅರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ ‘ಎ ವಿಜರ್ಡ್ ಆಫ್ ಅರ್ಥ್‌ಸೀ’. ದ್ವೀಪವೊಂದರಲ್ಲಿ ಮೇಕೆ ಕಾಯುವ ಹುಡುಗ ಗೆಡ್. ಮಂತ್ರವಿದ್ಯೆ ಕಲಿಯಲು ಹೋಗುತ್ತಾನೆ. ಅವನ ಮೊದಲ ಗುರು ಮಳೆ ನಿಲ್ಲಿಸಬಲ್ಲವನು, ಆದರೂ ಮಳೆಯನ್ನು ಬೀಳಲು ಬಿಟ್ಟು ಮರದಡಿ ಮಲಗುತ್ತಾನೆ. ಇಲ್ಲಿ ಮಳೆ ತಡೆದರೆ ಇನ್ನೆಲ್ಲೋ ಅದರ ಫಲ ಉಣ್ಣಬೇಕಾಗುತ್ತದೆ ಎಂದು ಬಲ್ಲವನು ಅವನು. ಮುಂದೆ ವಿದ್ಯಾಶಾಲೆಯಲ್ಲಿ ವಸ್ತುಗಳ ನಿಜನಾಮ ಕಲಿಸುವ ಗುರುವಿದ್ದಾನೆ. ದೂರದ ಗೋಪುರದಲ್ಲಿ ಶಿಷ್ಯರು ಕೂತು ಹೆಸರುಗಳ ಪಟ್ಟಿ ಬಾಯಿಪಾಠ ಮಾಡಬೇಕು, ಮಧ್ಯರಾತ್ರಿ ಆ ಹಾಳೆಯ ಶಾಯಿ ತಾನಾಗಿ ಅಳಿಸಿಹೋಗುತ್ತದೆ. ಒಂದು ಸಂಜೆ ಜಂಬಕ್ಕೆ ಬಿದ್ದು, ಸಹಪಾಠಿಯೊಬ್ಬನನ್ನು ಮೀರಿಸಲು ಹೋಗಿ ಗೆಡ್ ಸತ್ತವರ ಲೋಕದಿಂದ ಒಂದು ನೆರಳನ್ನು ಹೊರಬಿಡುತ್ತಾನೆ. ಅದು ಅವನ ಮುಖ ಸೀಳುತ್ತದೆ, ಶಾಲೆಯ ಹಿರಿಯ ಗುರು ಅದನ್ನು ತಡೆಯುವುದರಲ್ಲಿ ಪ್ರಾಣ ಬಿಡುತ್ತಾನೆ. ಕೊನೆಗೆ ಏನಾಗುತ್ತದೆಂದು ಹೇಳುವುದಿಲ್ಲ, ಓದಬೇಕಾದವರು ಇಲ್ಲೇ ಕೂತಿದ್ದಾರೆ. ಇದರಲ್ಲಿ ಮೌಢ್ಯ ಎಲ್ಲಿದೆ? ಪ್ರತಿ ಕೆಲಸಕ್ಕೂ ಬೆಲೆಯಿದೆ, ಮಾಡಿದ್ದರ ಹೊಣೆ ಮಾಡಿದವನದೇ ಎಂಬ ಕಾರ್ಯಕಾರಣದ ಪಾಠ ಇಲ್ಲಿದೆ. ಮೌಢ್ಯ ನಂಬು ಎನ್ನುತ್ತದೆ, ಪ್ರಶ್ನೆ ಕೇಳಬೇಡ ಎನ್ನುತ್ತದೆ, ದಕ್ಷಿಣೆ ಕೇಳುತ್ತದೆ. ಕಥೆ ಹಾಗಲ್ಲ. ಇದು ಕಟ್ಟಿದ್ದು ಎಂದು ಒಪ್ಪಿಕೊಂಡೇ ಒಳಗೆ ಕರೆಯುತ್ತದೆ. ಕಟ್ಟಿದ ಲೋಕದಲ್ಲಿ ಸಾಕಷ್ಟು ತಿರುಗಿದ ಮಗು ಕಟ್ಟುಕಥೆಯನ್ನು ದೂರದಿಂದಲೇ ಗುರುತಿಸುತ್ತದೆ.

ಫ್ಯಾಂಟಸಿ ವಾಸ್ತವದಿಂದ ಓಡಿಹೋಗುವುದನ್ನು ಕಲಿಸುತ್ತದೆ ಎಂಬ ದೂರಿಗೆ ಟೋಲ್ಕೀನರೇ 1939ರಲ್ಲಿ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಉಪನ್ಯಾಸದಲ್ಲಿ ಉತ್ತರ ಕೊಟ್ಟಿದ್ದಾರೆ: ಸೆರೆಯಾಳು ಬಿಡುಗಡೆ ಬಯಸುವುದೂ ಸೈನಿಕ ಯುದ್ಧಭೂಮಿ ಬಿಟ್ಟು ಓಡುವುದೂ ಒಂದೇ ಅಲ್ಲ. ಅದಕ್ಕೆ ನಾನು ಸೇರಿಸುವುದೇನೂ ಇಲ್ಲ. ಇಂಥವು ಹಗುರ ಪುಸ್ತಕ, ಮಕ್ಕಳ ಕೈಗೆ ಶ್ರೇಷ್ಠ ಸಾಹಿತ್ಯ ಕೊಡಿ ಎನ್ನುವವರಿಗೆ ಮಾತ್ರ ನಮ್ಮದೇ ಚರಿತ್ರೆ ನೆನಪಿಸಬೇಕು. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ತಂದ ರೋಚಕ ಕಾದಂಬರಿಗಳು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿದರೆಂದು ಹೆಸರಾದ ಗಳಗನಾಥರ ಐತಿಹಾಸಿಕ ಕಾದಂಬರಿಗಳು, ಇವು ಕನ್ನಡಕ್ಕೆ ಓದುಗರನ್ನು ತಂದುಕೊಟ್ಟವು. ಆ ಓದುಗರು ಇದ್ದುದರಿಂದಲೇ ಮುಂದೆ ಕುವೆಂಪು, ಕಾರಂತರ ಮಹಾಕಾದಂಬರಿಗಳಿಗೆ ಮನೆಗಳ ಬಾಗಿಲು ತೆರೆಯಿತು. ಹಿಂದಿಯಲ್ಲಿ ದೇವಕೀನಂದನ ಖತ್ರಿಯವರ ‘ಚಂದ್ರಕಾಂತಾ’ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂತು; ಅದನ್ನು ಓದಲೆಂದೇ ಹಿಂದಿ ಕಲಿತವರಿದ್ದರು ಎಂದು ಸಾಹಿತ್ಯ ಚರಿತ್ರೆಕಾರ ರಾಮಚಂದ್ರ ಶುಕ್ಲರೇ ಬರೆದಿದ್ದಾರೆ. 1949ರಲ್ಲಿ ಶುರುವಾದ ಕನ್ನಡ ‘ಚಂದಮಾಮ’ ಮಾಡಿದ್ದೂ ಅದನ್ನೇ. ಹೆಗಲ ಮೇಲೆ ಹೆಣ ಹೊತ್ತು, ಕತ್ತಿ ಹಿಡಿದು ಸ್ಮಶಾನ ದಾಟುವ ವಿಕ್ರಮನ ಚಿತ್ರ ಎಷ್ಟು ಮಕ್ಕಳಿಗೆ ಮುಂದಿನ ತಿಂಗಳ ಸಂಚಿಕೆಗಾಗಿ ಕಾಯುವುದನ್ನು ಕಲಿಸಿತು!

ನನ್ನ ನಿಜವಾದ ಚಿಂತೆಗೆ ಈಗ ಬರುತ್ತೇನೆ. ಇಷ್ಟೆಲ್ಲ ಹೇಳಿದ ಮೇಲೆ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಕನ್ನಡದಲ್ಲಿ ಅಂಥ ಪುಸ್ತಕ ಕೊಡಿ ಎಂದರೆ ಏನು ಕೊಡುವುದು? ಪುಟ್ಟ ಮಕ್ಕಳಿಗೆ ಚಿತ್ರದ ಪಂಚತಂತ್ರವಿದೆ, ಪದ್ಯವಿದೆ, ಕಿಂದರಿಜೋಗಿಯಿದ್ದಾನೆ. ದೊಡ್ಡವರಿಗೆ ಕಂಬಾರರ ‘ಶಿಖರಸೂರ್ಯ’ವಿದೆ, ಹಾರುವ ಓತಿಯ ಬೆನ್ನು ಹತ್ತಿಸುವ ತೇಜಸ್ವಿಯವರ ‘ಕರ್ವಾಲೊ’ 1980ರಿಂದ ಇಂದಿನವರೆಗೂ ಹೊಸ ಓದುಗರನ್ನು ಹಿಡಿಯುತ್ತಲೇ ಇದೆ. ಈ ಎರಡರ ನಡುವಿನ ವಯಸ್ಸಿಗೆ, ಮುನ್ನೂರು ನಾನೂರು ಪುಟದ, ತನ್ನದೇ ನಕ್ಷೆಯಿರುವ, ಮುಂದಿನ ಭಾಗಕ್ಕೆ ಕಾಯಿಸುವ ಕಾದಂಬರಿಗಳು ಬೆರಳೆಣಿಕೆಯಷ್ಟು. ಆ ಹುಡುಗಿ ಇಂಗ್ಲಿಷಿಗೆ ಹೋಗುತ್ತಾಳೆ. ಇಂಗ್ಲಿಷ್ ಬಾರದ ಹುಡುಗಿ ಓದನ್ನೇ ಬಿಡುತ್ತಾಳೆ. ನನ್ನನ್ನು ಹೆಚ್ಚು ಕಾಡುವವಳು ಈ ಎರಡನೆಯವಳು. ಕಥಾಸಾಮಗ್ರಿಗೆ ನಮ್ಮಲ್ಲಿ ಬರವಿಲ್ಲ. ಗೊತ್ತಿದ್ದ ಕಥೆಯನ್ನು ಯಾರಿಗೂ ಹೇಳದೆ ಇಟ್ಟುಕೊಂಡ ಹೆಂಗಸಿನ ಮೇಲೆ ಆ ಕಥೆಯೇ ಸೇಡು ತೀರಿಸಿಕೊಂಡ ಜನಪದ ಕಥೆ ಕನ್ನಡದ್ದು, ಎ.ಕೆ. ರಾಮಾನುಜನ್ ಅದನ್ನು ಲೋಕಕ್ಕೆ ತಲುಪಿಸಿದರು, ಕಾರ್ನಾಡರು ‘ನಾಗಮಂಡಲ’ದಲ್ಲಿ ಬಳಸಿಕೊಂಡರು. ಇಂಥ ನೂರು ಬೀಜಗಳು ಜಾನಪದ ಸಂಗ್ರಹಗಳಲ್ಲಿ ಬಿದ್ದಿವೆ. ಲೇಖಕರು ಇದನ್ನು ಕೈಗೆತ್ತಿಕೊಳ್ಳಬೇಕು, ಪ್ರಕಾಶಕರು ಮಕ್ಕಳ ಪುಸ್ತಕಕ್ಕೆ ಹಾಕಿಕೊಂಡ ಅರವತ್ತು ಪುಟದ ಮಿತಿ ಬಿಡಬೇಕು.

ಬರೆದದ್ದು ಹಳ್ಳಿಗೆ ಮುಟ್ಟಬೇಕಲ್ಲ. ಅದಕ್ಕೆ ದಾರಿ ಆಗಲೇ ಇದೆ. ಆಸ್ತಿ ತೆರಿಗೆಯ ಜೊತೆ ನಾವೆಲ್ಲ ಶೇಕಡ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು, ಆಮೇಲೆ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಬಂತು. ಒಳ್ಳೆಯ ಕೆಲಸ, ಮನಸಾರೆ ಮೆಚ್ಚುತ್ತೇನೆ. ಆದರೆ ಕಾರ್ಡು ಪಡೆದ ಮಗು ಒಳಗೆ ಹೋದಾಗ ಎದುರಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳೇ ಕಂಡರೆ, ಕಥೆಪುಸ್ತಕ ಹಾಳಾಗುತ್ತದೆಂದು ಬೀರುವಿಗೆ ಬೀಗ ಹಾಕಿದ್ದರೆ, ಮನೆಗೆ ಒಯ್ಯಲು ಕೊಡದಿದ್ದರೆ, ಆ ಕಾರ್ಡಿನಿಂದ ಏನಾದೀತು? ಪುಸ್ತಕ ಹರಿದರೆ ಹರಿಯಲಿ. ಹರಿದ ಪುಸ್ತಕ ಓದಿಸಿಕೊಂಡ ಪುಸ್ತಕ. ಏಪ್ರಿಲ್ ಬಂತೆಂದರೆ ಪ್ರತಿ ಪಂಚಾಯಿತಿ ಗ್ರಂಥಾಲಯದವರೂ ಊರಿನ ಮಕ್ಕಳನ್ನು ಕೂರಿಸಿಕೊಂಡು, ಯಾವ ಪುಸ್ತಕ ಬೇಕೆಂದು ಅವರಿಂದಲೇ ಪಟ್ಟಿ ಬರೆಸಿ ಕೊಳ್ಳಲಿ. ಖರೀದಿಯ ಒಂದು ಪಾಲು ಆ ಪಟ್ಟಿಗೇ ಮೀಸಲಿಡುವಂತೆ ಆದೇಶವಾಗಬೇಕು ಎಂಬುದು ಈ ವೇದಿಕೆಯಿಂದ ನಾನು ಸರ್ಕಾರಕ್ಕೆ ಮಾಡುವ ಒತ್ತಾಯ.

ತಂದೆತಾಯಂದಿರಲ್ಲಿ ಒಂದು ವಿನಂತಿ. ಮಳಿಗೆಗಳ ಮುಂದೆ ಮಗುವಿನ ಕೈಯಲ್ಲಿ ದುಡ್ಡು ಕೊಟ್ಟು ನೀವು ಎರಡು ಹೆಜ್ಜೆ ಹಿಂದೆ ನಿಲ್ಲಿ. ಆರಿಸಿದ್ದನ್ನು ನೋಡಿ ಮುಖ ಸಿಂಡರಿಸಬೇಡಿ, ಓದಿ ಮುಗಿಸಿದ ಮೇಲೆ ಏನು ಕಲಿತೆ ಎಂದು ಪರೀಕ್ಷೆ ಮಾಡಬೇಡಿ. ನಿಮಗಾಗಿಯೂ ಒಂದು ಪುಸ್ತಕ ಕೊಂಡುಕೊಳ್ಳಿ. ಸಂಘಟಕರಲ್ಲೂ ಒಂದು ಕೋರಿಕೆ. ಮಕ್ಕಳ ಮಳಿಗೆಗಳಲ್ಲಿ ಪುಸ್ತಕಗಳ ಪ್ಲಾಸ್ಟಿಕ್ ಹೊದಿಕೆ ತೆಗೆಸಿ, ಪಕ್ಕದಲ್ಲಿ ನೆರಳಿರುವ ಕಡೆ ನಾಲ್ಕು ಬೆಂಚು ಹಾಕಿಸಿ, ಕೂತು ಹತ್ತು ಪುಟ ಓದಿ ನೋಡಲು ಬಿಡಿ. ಸಂಜೆಯೊಳಗೆ ಇಷ್ಟು ಆಗಬಹುದೆಂದು ನಂಬಿ ಮೇಳವನ್ನು ಉದ್ಘಾಟಿಸುತ್ತಿದ್ದೇನೆ.