ಯಾವ ಸರಾಸರಿಯ ಎದುರು? ನಕ್ಷೆ ಮತ್ತು ಝಡ್ ಸ್ಕೋರ್



ಹೊಗೆಸೊಪ್ಪಿನ ಸಸಿ ನೆಡುವ ಹೊತ್ತಿಗೆ ಪಿರಿಯಾಪಟ್ಟಣದಲ್ಲಿ ಎಲ್ಲರೂ ಕೇಳುವುದು ಒಂದೇ: ಮಳೆ ಎಷ್ಟು ಕಡಿಮೆ? ಹವಾಮಾನ ಇಲಾಖೆಯ ಉತ್ತರ ಶೇಕಡಾವಾರು. ವಾಡಿಕೆಗಿಂತ ಶೇ 20ರಿಂದ 59ರಷ್ಟು ಕಡಿಮೆ ಬಿದ್ದರೆ ಅದು ‘ಕೊರತೆ’. ಈ ಲೆಕ್ಕ ಒಂದು ಸಂಗತಿಯನ್ನು ಮುಚ್ಚಿಡುತ್ತದೆ.

ಮಾತಿಗೆ ಎರಡು ಊರು ಇಟ್ಟುಕೊಳ್ಳಿ. ಎರಡರಲ್ಲೂ ವರ್ಷದ ಸರಾಸರಿ ಮಳೆ 800 ಮಿ.ಮೀ., ಈ ಸಲ ಎರಡರಲ್ಲೂ 640. ಕೊರತೆ ಸಮಸಮ, ಶೇ 20. ಆದರೆ ಮೊದಲ ಊರಿನ ಮಳೆ ವರ್ಷದಿಂದ ವರ್ಷಕ್ಕೆ ಹುಚ್ಚಾಪಟ್ಟೆ ಏರಿಳಿಯುವಂಥದ್ದು, ಆ ಏರಿಳಿತದ ಅಳತೆಯಾದ ಮಾನಕ ವಿಚಲನೆ 200. ಎರಡನೆಯದು ನಂಬಿ ಬಿತ್ತಬಹುದಾದ ಮಳೆ, ಮಾನಕ ವಿಚಲನೆ 100. ಈ ಸಲದ ಮಳೆಯಲ್ಲಿ ಸರಾಸರಿಯನ್ನು ಕಳೆದು, ಬಂದದ್ದನ್ನು ಮಾನಕ ವಿಚಲನೆಯಿಂದ ಭಾಗಿಸಿ. ಒಂದಕ್ಕೆ −0.8, ಇನ್ನೊಂದಕ್ಕೆ −1.6. ಇದೇ ಝಡ್ ಸ್ಕೋರ್. ಮೊದಲ ಊರಿನವರು ಇಂಥ ವರ್ಷಗಳನ್ನು ಬೇಕಾದಷ್ಟು ಕಂಡಿದ್ದಾರೆ. ಎರಡನೆಯ ಊರಿಗೆ ಇದು ಅಪರೂಪದ ಪೆಟ್ಟು.

ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನ ಫೀಲ್ಡ್ ಕ್ಯಾಲ್ಕುಲೇಟರ್‌ನಲ್ಲಿ ಇದು ಒಂದೇ ಸಾಲಿನ ಕೆಲಸ. ಎಡವುವುದೂ ಅಲ್ಲೇ. ತಂತ್ರಾಂಶ ಸರಾಸರಿ ತೆಗೆಯುವುದು ನೀವು ತೆರೆದಿಟ್ಟ ಪದರದಿಂದ. ಅದರಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳು ಮಾತ್ರ ಇದ್ದರೆ ಆ ನಾಲ್ಕರದ್ದೇ ಸರಾಸರಿ. ನಾಲ್ಕು ಅಂಕಿಗಳಲ್ಲಿ ಒಂದು ಎಷ್ಟೇ ದೂರ ಸಿಡಿದರೂ ಅದರ ಝಡ್ ಸ್ಕೋರ್ 1.5 ದಾಟುವುದಿಲ್ಲ; ಸಿಡಿದ ಅಂಕಿ ಸರಾಸರಿಯನ್ನು ತನ್ನತ್ತ ಎಳೆದು, ವಿಚಲನೆಯನ್ನೂ ಹಿಗ್ಗಿಸಿಬಿಡುತ್ತದೆ. (ಇದು ಅಂಕಿಗಳನ್ನು ಮಾದರಿ ಎಂದು ಎಣಿಸುವ ಎಕ್ಸೆಲ್‌ನ ‘ಎಸ್‌ಟಿಡಿಇವಿ.ಎಸ್’ ಲೆಕ್ಕ. ‘ಎಸ್‌ಟಿಡಿಇವಿ.ಪಿ’ ಹಾಕಿ ಅವನ್ನೇ ಇಡೀ ಸಮೂಹ ಎಂದು ಎಣಿಸಿದರೆ ಮಿತಿ 1.73.) ಎರಡು ದಾಟಿದ್ದಕ್ಕೆ ಕೆಂಪು ಬಣ್ಣ ಎಂದು ಗೊತ್ತುಮಾಡಿದವರ ನಕ್ಷೆಯಲ್ಲಿ ಕೆಂಪು ಮೂಡುವುದೇ ಇಲ್ಲ. ನೋಡಿದ ಅಧಿಕಾರಿಗೆ ನೆಮ್ಮದಿ! ಈ ನಾಲ್ಕೂ ಇರುವ ಜಿಲ್ಲೆಯಲ್ಲಿ 2011ರ ಜನಗಣತಿಯ ಹೊತ್ತಿಗಿದ್ದ ಏಳೂ ತಾಲ್ಲೂಕು ಸೇರಿಸಿದರೂ ಮಿತಿ 2.27. ಸರಗೂರು, ಸಾಲಿಗ್ರಾಮ ಬೇರೆಯಾಗಿ ಒಂಬತ್ತಾದ ಮೇಲೆ 2.67.

ಇದಕ್ಕಿಂತ ದೊಡ್ಡ ಪ್ರಮಾದ ಎಚ್.ಡಿ. ಕೋಟೆಯ ಆದಿವಾಸಿ ಹಾಡಿಗಳ ಲೆಕ್ಕದಲ್ಲಿ ಆಗಬಹುದು. ಅಂಗನವಾಡಿಯಲ್ಲಿ ಮಗುವನ್ನು ತೂಗಿ, ವಯಸ್ಸಿಗೆ ತಕ್ಕ ತೂಕದ ಝಡ್ ಸ್ಕೋರ್ −2ಕ್ಕಿಂತ ಕೆಳಗಿದ್ದರೆ ಕಡಿಮೆ ತೂಕ, −3ಕ್ಕಿಂತ ಕೆಳಗಿದ್ದರೆ ತೀರಾ ಕಡಿಮೆ ತೂಕ ಎನ್ನುತ್ತೇವೆ. ಆ ಸರಾಸರಿ ಹಾಡಿಯದ್ದಲ್ಲ. ಭಾರತ, ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕಗಳಲ್ಲಿ ಚೆನ್ನಾಗಿ ಉಂಡು ಬೆಳೆದ ಮಕ್ಕಳನ್ನು ಅಳೆದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದದ್ದು. ಅದನ್ನು ಬಿಟ್ಟು ಹಾಡಿಯ ಮಕ್ಕಳ ತೂಕದಿಂದಲೇ ಸರಾಸರಿ ತೆಗೆದರೆ ಉತ್ತರ ಯಾವತ್ತೂ ಸೊನ್ನೆಯ ಆಚೀಚೆ. ಮಕ್ಕಳೆಲ್ಲ ಎರಡು ಕಿಲೋ ಇಳಿದರೂ ಸ್ಕೋರ್ ಕದಲುವುದಿಲ್ಲ. ಲೆಕ್ಕದಲ್ಲಿ ತಪ್ಪಿಲ್ಲ, ಹಸಿವು ಮಾತ್ರ ಮಾಯ.

ಯಾವುದರ ಎದುರು ಅಳೆಯಬೇಕು ಎಂಬುದು ವಿಷಯಕ್ಕೆ ತಕ್ಕಂತೆ ಬದಲಾಗುತ್ತದೆ. ಮಳೆಗೆ ಆಯಾ ತಾಲ್ಲೂಕಿನದೇ ಹಿಂದಿನ ವರ್ಷಗಳು ಬೇಕು, ಪಕ್ಕದ ತಾಲ್ಲೂಕಲ್ಲ. ಹಿಂದುಳಿದಿರುವಿಕೆಗೆ ಇಡೀ ರಾಜ್ಯ ಬೇಕು. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಅಂದಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದಾಗ ಬಳಸಿದ್ದು ಝಡ್ ಸ್ಕೋರ್ ಅಲ್ಲ. ರಾಜ್ಯದ ಸರಾಸರಿಯನ್ನು 1 ಎಂದಿಟ್ಟು, ಅದಕ್ಕಿಂತ ಕೆಳಗಿದ್ದವನ್ನು ಹಿಂದುಳಿದವು ಎಂದಿತು. ಆ ವಿಧಾನದಲ್ಲಿ ಏರಿಳಿತದ ಲೆಕ್ಕ ಸಿಗುವುದಿಲ್ಲ ಎಂಬ ತಕರಾರು ನನಗಿದೆ. ಆದರೂ ಯಾವುದರ ಎದುರು ಅಳೆದೆವು ಎಂಬುದು ಅಲ್ಲಿ ನಿಚ್ಚಳವಾಗಿದೆ. ನಮ್ಮ ವಿದ್ಯಾರ್ಥಿಗಳು ಮಾಡುವ ನಕ್ಷೆಗಳ ಮೂಲೆಯಲ್ಲಿ ಅಷ್ಟೂ ಇರುವುದಿಲ್ಲ.