ಬಚ್ಚಲ ನೀರು, ಹಿತ್ತಲ ಹಸಿರು



ಯುಗಾದಿ ಹತ್ತಿರ ಬಂತೆಂದರೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಬೇವು ಹೂ ಬಿಡುತ್ತದೆ, ರಸ್ತೆ ಬದಿಯ ಹೊಂಗೆ ತಿಳಿಹಸಿರು ಚಿಗುರು ಹೊದ್ದು ನಿಲ್ಲುತ್ತದೆ. ಅದೇ ಹೊತ್ತಿಗೆ ಬೋರ್‌ವೆಲ್‌ಗಳ ನೀರೂ ಇಳಿಯತೊಡಗುತ್ತದೆ. ಪಶ್ಚಿಮಘಟ್ಟದ ಮಳೆ ನೆರಳಿಗೆ ಬಿದ್ದ ನಾಡು ನಮ್ಮದು. ವರ್ಷವಿಡೀ ಬೀಳುವ ಮಳೆಯನ್ನೆಲ್ಲ ಕೂಡಿಸಿದರೂ ಸರಾಸರಿ 500 ಮಿಲಿಮೀಟರ್ ಆಸುಪಾಸಿನಲ್ಲೇ ನಿಲ್ಲುವ ಕಡೆ ವಸಂತದಲ್ಲಿ ಕೈತೋಟ ಮಾಡುವುದು ಹುಡುಗಾಟದ ಮಾತಲ್ಲ.

ಆದರೂ ಮಾಡುತ್ತಾರೆ. ಹಿತ್ತಲಲ್ಲಿ ಒಂದು ಕರಿಬೇವು, ಒಂದು ನುಗ್ಗೆ, ದೇವರಿಗೆಂದು ದಾಸವಾಳ, ಬಚ್ಚಲ ಗೋಡೆಗೆ ಆನಿಸಿ ಕಟ್ಟಿದ ಚಪ್ಪರದ ಮೇಲೊಂದು ಹೀರೆ ಬಳ್ಳಿ. ಇಷ್ಟನ್ನು ಬೇಸಿಗೆ ದಾಟಿಸಿದ ಮನೆಯವರನ್ನು ಕಂಡರೆ ನನಗೆ ದೊಡ್ಡ ಗೌರವ. ಅಲ್ಲಿಗೆ ಬರುವುದು ನಲ್ಲಿಯ ಹೊಸ ನೀರಲ್ಲ. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು, ಕೈಕಾಲು ತೊಳೆದ ನೀರು, ಹೀಗೆ ಮನೆಯೊಳಗೆ ಒಮ್ಮೆ ಕೆಲಸ ಮಾಡಿ ಬಂದ ನೀರೇ ಹಿತ್ತಲನ್ನು ಸಾಕುತ್ತದೆ.

ಹೋದ ವರ್ಷ ಮೊಳಕಾಲ್ಮೂರಿನ ನೇಕಾರರೊಬ್ಬರ ಮನೆಯಲ್ಲಿ ಬೆಳಗಿನ ಹೊತ್ತು ಕೂತಿದ್ದೆ. ಮೊಳಕಾಲ್ಮೂರು ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದ್ದು ನಿಮಗೆ ಗೊತ್ತಿರಬಹುದು. ಒಡಲು ಒಂದು ಬಣ್ಣ, ಎರಡೂ ಅಂಚು ಇನ್ನೊಂದು ಬಣ್ಣ ಇರುವ ಸೀರೆಯನ್ನು ಕೈಮಗ್ಗದಲ್ಲಿ ನೇಯುವಾಗ ಮೂರು ಲಾಳಿ ಬೇಕು. ಒಬ್ಬರ ಕೈಗೆ ಅದು ನಿಲುಕುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ಕೂತು ಆ ಕಡೆಯ ಅಂಚಿನ ಲಾಳಿ ಎಸೆಯಬೇಕು. ಆ ಮನೆಯಲ್ಲಿ ಹಾಗೆ ಕೂತಿದ್ದವರು ಹೆಂಡತಿ. ಮಾತಿಲ್ಲ, ಎಣಿಕೆಯಿಲ್ಲ. ಈ ಲಾಳಿ ಬಂತು, ಆ ಲಾಳಿ ಹೋಯಿತು, ಅಂಚಿನ ಎಳೆಯೂ ಒಡಲಿನ ಎಳೆಯೂ ಒಂದನ್ನೊಂದು ಹಿಡಿದುಕೊಂಡವು. ಸ್ವಲ್ಪ ಹೊತ್ತಾದ ಮೇಲೆ ಆಕೆ, ಗಂಡ ಬಚ್ಚಲ ಕಡೆಗೆ ಎದ್ದದ್ದನ್ನು ನೋಡಿ, "ಏನ್ರೀ, ಬಕೀಟ್ ನೀರು ಚೆಲ್ಲಬ್ಯಾಡ್ರಿ, ಬಳ್ಳಿ ಬಾಡೈತೆ" ಅಂದರು. "ನೀ ಕೂತ್ಕ, ನಾನೇ ಹಾಕ್ತೀನಿ" ಎಂದು ಆತ ಬಕೆಟ್ ಎತ್ತಿಕೊಂಡು ಹಿತ್ತಲಿಗೆ ನಡೆದರು. ಬುಡದ ಪಾತಿಗೆ ನೀರನ್ನು ದಬದಬ ಸುರಿಯಲಿಲ್ಲ. ಚೊಂಬಿನಲ್ಲಿ ತುಂಬಿ ತುಂಬಿ, ಮಣ್ಣು ಕುಡಿಯುವಷ್ಟು ಹೊತ್ತು ಕಾದು, ಸುತ್ತಲೂ ಬಿಟ್ಟರು.

ಇದನ್ನೇಕೆ ಇಷ್ಟು ಹೇಳುತ್ತಿದ್ದೇನೆಂದರೆ, ಎಲ್ಲ ಮನೆಯಲ್ಲೂ ಹೀಗಿಲ್ಲ. ಇಲ್ಲಿ ಬಹಳ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರಬೇಕು. ಗಂಡಸರು ಆ ಕ್ಯಾನನ್ನು ಬೈಕಿನ ಮೇಲಿಟ್ಟುಕೊಂಡು ತರುತ್ತಾರೆ, ತಪ್ಪದೆ ತರುತ್ತಾರೆ. ಅಲ್ಲಿಗೆ ತಮ್ಮ ಪಾಲಿನ ನೀರಿನ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಬಳಸುವ ನೀರು ಹಿಡಿಯುವುದು, ತುಂಬಿಡುವುದು, ಬಳಸಿದ್ದನ್ನು ಎತ್ತಿಟ್ಟು ಗಿಡಕ್ಕೆ ಹಾಕುವುದು ಎಲ್ಲ ಹೆಂಗಸರ ಸೊಂಟಕ್ಕೆ. ಗಿಡ ನೆಡುವ ದಿನ ಇಬ್ಬರೂ ಇರುತ್ತಾರೆ. ಗುಂಡಿ ತೋಡಲು, ಚಪ್ಪರಕ್ಕೆ ಗಳ ನೆಡಲು ಗಂಡಸು ಮುಂದೆ. ಚೈತ್ರ, ವೈಶಾಖದ ಬಿಸಿಲಿನಲ್ಲಿ ದಿನಾ ಒಂದು ಬಕೆಟ್ ಹೊರುವ ಕೆಲಸಕ್ಕೆ ಮಾತ್ರ ಆಕೆ ಒಬ್ಬಳೇ. ಇದು ಸರಿಯಲ್ಲ.

ಈ ಹೊರೆಯನ್ನು ಕಡಿಮೆ ಮಾಡಿಕೊಳ್ಳುವ ದಾರಿಗಳು ನಮ್ಮ ಸೀಮೆಯಲ್ಲೇ ಇವೆ. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು, ಶೇಂಗಾದ ಊರು. ಶೇಂಗಾ ಸಿಪ್ಪೆಯನ್ನು ಒಂದೆರಡು ಚೀಲ ತಂದು ಗಿಡದ ಬುಡದಲ್ಲಿ ನಾಲ್ಕು ಬೆರಳು ದಪ್ಪ ಹರಡಿದರೆ ಬಿಸಿಲು ನೇರ ಮಣ್ಣಿಗೆ ತಾಗುವುದಿಲ್ಲ, ಹಾಕಿದ ನೀರು ಬೇಗ ಆರುವುದಿಲ್ಲ. ಮಳೆಗಾಲದ ಹೊತ್ತಿಗೆ ಅದೇ ಕೊಳೆತು ಗೊಬ್ಬರವಾಗತೊಡಗುತ್ತದೆ. ಕುರಿ, ಕಂಬಳಿಗೆ ಹೆಸರಾದ ಊರಿನಲ್ಲಿ ಕುರಿ ಗೊಬ್ಬರಕ್ಕೂ ಬರವಿಲ್ಲ. ಆದರೆ ಹಸಿ ಗೊಬ್ಬರ ಹಾಕಬೇಡಿ, ಬೇಸಿಗೆಯಲ್ಲಿ ಬೇರು ಸುಡುತ್ತದೆ. ಚೆನ್ನಾಗಿ ಕಳಿತದ್ದೇ ಆಗಬೇಕು.

ಇನ್ನೊಂದು, ಸಂತೆಯ ಮಣ್ಣಿನ ಗಡಿಗೆ. ಬಣ್ಣ ಬಳಿಯದ ಗಡಿಗೆಯನ್ನು ಗಿಡದ ಪಕ್ಕದಲ್ಲಿ ಕುತ್ತಿಗೆಯವರೆಗೆ ಹೂಳಿ, ನೀರು ತುಂಬಿ, ಮೇಲೊಂದು ಮುಚ್ಚಳ ಇಡಿ. ಗಡಿಗೆಯ ಮೈಯಿಂದ ನೀರು ಜಿನುಗಿ ಜಿನುಗಿ ಬೇರಿಗೆ ಸೇರುತ್ತದೆ. ಸುತ್ತಲ ಮಣ್ಣು ಒಣಗಿದಷ್ಟೂ ಹೆಚ್ಚು ಎಳೆದುಕೊಳ್ಳುತ್ತದೆ, ಹಸಿಯಿದ್ದರೆ ಕಡಿಮೆ. ಕ್ರಿಸ್ತಪೂರ್ವ 1ನೇ ಶತಮಾನದ ಚೀನಾದ ಕೃಷಿ ಪುಸ್ತಕವೊಂದರಲ್ಲೇ ಬಳ್ಳಿ ಬೆಳೆಗೆ ಹೀಗೆ ನೀರುಣಿಸುವ ಕ್ರಮವಿದೆ. ದಿನಾ ಹೊರುವ ಕೆಲಸ ತಪ್ಪಿ, ನೀರು ಇಳಿದಾಗ ನೋಡಿ ತುಂಬಿದರೆ ಸಾಕು. ಆದರೆ ಗಡಿಗೆಗೆ ತಿಳಿನೀರನ್ನೇ ಹಾಕಿ. ಸೋಪು, ಜಿಡ್ಡು ಸೇರಿದರೆ ಅದರ ಸಣ್ಣ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಬಟ್ಟೆ ಒಗೆದ ನೊರೆನೀರನ್ನು ಸೊಪ್ಪು, ತರಕಾರಿಗೆ ಬಿಡಬೇಡಿ. ಅದಕ್ಕೆ ಬಚ್ಚಲ ಹಿಂದೆ ಒಂದಿಷ್ಟು ಮರಳು ಹಾಕಿ, ಕಾಬಾಳೆಯನ್ನೋ ಬಾಳೆಯನ್ನೋ ಇಡಿ.

ಎಷ್ಟು ಉಪಾಯ ಮಾಡಿದರೂ ಗಿಡ ನೋಡಿಕೊಳ್ಳುವ ಕಣ್ಣು ಬೇಕೇ ಬೇಕು. ಎಲೆ ಇಳಿಬಿದ್ದದ್ದು, ಬುಡಕ್ಕೆ ಇರುವೆ ಹತ್ತಿದ್ದು, ಹೀರೆಯ ಹಳದಿ ಹೂ ಸಂಜೆಗೆ ಅರಳಿದ್ದು ದಿನಾ ಹೋಗಿ ನಿಂತವರಿಗೆ ಮಾತ್ರ ತಿಳಿಯುತ್ತದೆ. ಗಂಡ ಹೆಂಡತಿ ಇಬ್ಬರೂ ನೋಡಿದ ಹಿತ್ತಲಿನ ಬಗ್ಗೆ ಊಟದ ಹೊತ್ತಿಗೆ ಇಬ್ಬರಿಗೂ ಆಡಲು ಮಾತಿರುತ್ತದೆ. ಸಾಲ, ಮಗ್ಗ, ಮಕ್ಕಳ ಫೀಸು ಇವುಗಳ ನಡುವೆ ಆ ಮಾತು ಮನೆಗೆ ಬೇಕು ಎಂದು ನಾನು ನಂಬಿದ್ದೇನೆ.

ಅಶ್ವಿನಿ, ಭರಣಿ ಮಳೆ ಬರಲು ಇನ್ನೂ ದಿನಗಳಿವೆ. ಅಲ್ಲಿಯವರೆಗೆ, ಅಣ್ಣಂದಿರೇ, ತಮ್ಮಂದಿರೇ, ಬಿಸಿಲೇರುವ ಮುಂಚೆ ಹಿತ್ತಲಿಗೆ ಹೋಗುವ ಒಂದು ಬಕೆಟ್ಟನ್ನು ನೀವು ಎತ್ತಿಕೊಳ್ಳಿ. ಇವತ್ತೇ ಶುರು ಮಾಡಿ.