ಔಷಧೀಯ ಅಣಬೆ ಮತ್ತು ಅಮೈನೋ ಆಮ್ಲ: ಜೊತೆಗೂಡಿಸುವ ಮುನ್ನ

(ಕಲ್ಯಾಣದಲ್ಲಿ ನೆಲೆಸಿರುವ ಕನ್ನಡ ಬಾಂಧವರಿಗಾಗಿ ಸಿದ್ಧಪಡಿಸಿದ ಭಾಷಣ)



ನಸುಕಿನಲ್ಲೇ ಲೋಕಲ್ ರೈಲು ಹಿಡಿದು ಮುಂಬಯಿಗೆ ತೆರಳಿ, ರಾತ್ರಿ ಕಲ್ಯಾಣಕ್ಕೆ ಹಿಂತಿರುಗುವ ದುಡಿಮೆಗಾರರಿಗೆ ಆಯಾಸವು ನಿತ್ಯದ ಸಂಗಾತಿ. ಇದಕ್ಕೆ ಪರಿಹಾರವೆಂಬ ನಂಬಿಕೆಯಿಂದ ಎರಡು ಪದಾರ್ಥಗಳು ಇಂದು ಮನೆಗಳನ್ನು ಪ್ರವೇಶಿಸುತ್ತಿವೆ. ಒಂದು, ರೇಷಿ ಎಂಬ ಔಷಧೀಯ ಅಣಬೆ. ಇನ್ನೊಂದು, ಎಲ್-ಅರ್ಜಿನೈನ್ ಎಂಬ ಅಮೈನೋ ಆಮ್ಲ. ಹಿರಿಯರು ರೋಗನಿರೋಧಕ ಶಕ್ತಿಗೆಂದು ಮೊದಲನೆಯದನ್ನು ಕೊಂಡರೆ, ವ್ಯಾಯಾಮಶಾಲೆಗೆ ಹೋಗುವ ತರುಣರು ಎರಡನೆಯದನ್ನು ತರುತ್ತಾರೆ. ಎರಡೂ ಒಂದೇ ಕಪಾಟಿನಲ್ಲಿ ಸೇರಿದಾಗ, ಒಬ್ಬರೇ ಎರಡನ್ನೂ ಸೇವಿಸುವ ಸಂದರ್ಭ ಒದಗುತ್ತದೆ. ಹೀಗೆ ಕೂಡಿಸುವುದು ಸುರಕ್ಷಿತವೇ ಎಂಬ ಪ್ರಶ್ನೆಗೆ ಉತ್ತರಿಸಲು, ಸೇವಿಸುವವರು ಈಗಾಗಲೇ ಯಾವ ಔಷಧಿಯನ್ನು ತೆಗೆದುಕೊಳ್ಳುತ್ತಿದ್ದಾರೆ ಎಂಬುದನ್ನು ಮೊದಲು ತಿಳಿಯಬೇಕು.

ರೇಷಿಯು ಗ್ಯಾನೊಡರ್ಮ ಎಂಬ ಕುಲಕ್ಕೆ ಸೇರಿದ ಅಣಬೆ. ಚೀನಾದಲ್ಲಿ ಇದಕ್ಕೆ ಲಿಂಗ್‌ಝಿ ಎಂದು ಹೆಸರು. ಇದು ಮರದಂತೆ ಗಡುಸು, ರುಚಿಯಲ್ಲಿ ಕಹಿ. ಮಲೆನಾಡು, ಕರಾವಳಿ ಮತ್ತು ಕಾಸರಗೋಡಿನ ಅಡಿಕೆ ಬೆಳೆಗಾರರಿಗೆ ಈ ಕುಲದ ಪರಿಚಯ ಬೇರೊಂದು ಬಗೆಯಲ್ಲಿದೆ: ಅಡಿಕೆ ಮರದ ಬುಡವನ್ನು ಕೊಳೆಯಿಸುವ ‘ಅಣಬೆ ರೋಗ’ಕ್ಕೆ ಕಾರಣ ಗ್ಯಾನೊಡರ್ಮವೇ. ಇದರ ಪ್ರಭೇದಗಳನ್ನು ಬರಿಗಣ್ಣಿನಿಂದ ಗುರುತಿಸುವುದು ಕಷ್ಟ. ತೋಟದ ಮರಕ್ಕೆ ಶಿಲೀಂಧ್ರನಾಶಕ ಹಾಕಿರಲೂಬಹುದು. ಆದುದರಿಂದ ಊರಿನ ತೋಟದಿಂದ ಕಿತ್ತು ತಂದ ಅಣಬೆಯನ್ನು ಪುಡಿಮಾಡಿ ಸೇವಿಸುವುದು ಸರ್ವಥಾ ಕೂಡದು.

ರೇಷಿಯ ಗುಣಗಳ ಬಗ್ಗೆ ಪ್ರಚಾರ ಹೆಚ್ಚು, ಪುರಾವೆ ಕಡಿಮೆ. ಎರಡನೇ ಬಗೆಯ ಮಧುಮೇಹವುಳ್ಳವರಲ್ಲಿ ಹೃದ್ರೋಗದ ಅಪಾಯಕಾರಿ ಅಂಶಗಳನ್ನು ತಗ್ಗಿಸಲು ಇದರ ಬಳಕೆಗೆ ಆಧಾರವಿಲ್ಲವೆಂದು 2015ರ ಕಾಕ್ರೇನ್ ಪರಾಮರ್ಶೆಯು ತಿಳಿಸಿತು. ಇತ್ತ, ರೇಷಿಯು ರಕ್ತ ಹೆಪ್ಪುಗಟ್ಟುವಿಕೆಯನ್ನು ನಿಧಾನಗೊಳಿಸುವ ಹಾಗೂ ರಕ್ತದೊತ್ತಡವನ್ನು ಇಳಿಸುವ ಸಾಧ್ಯತೆಯುಂಟು. ರೇಷಿ ಪುಡಿಯನ್ನು ಸೇವಿಸಿದ ರೋಗಿಯೊಬ್ಬರು ತೀವ್ರ ಯಕೃತ್ ವೈಫಲ್ಯದಿಂದ ಮೃತಪಟ್ಟ ಪ್ರಕರಣವು 2007ರಲ್ಲಿ ಥಾಯ್ಲೆಂಡಿನ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಇಂತಹ ಪ್ರಕರಣಗಳು ವಿರಳವಾದರೂ ಅಲಕ್ಷಿಸತಕ್ಕವಲ್ಲ.

ಇನ್ನು ಅರ್ಜಿನೈನ್ ವಿಚಾರ. ಇದು ನಮ್ಮ ಶರೀರವೇ ತಯಾರಿಸಿಕೊಳ್ಳುವ ಪದಾರ್ಥ. ಶೇಂಗಾ, ಎಳ್ಳು, ಬೇಳೆಕಾಳು, ಮೀನುಗಳಿಂದಲೂ ದೊರೆಯುತ್ತದೆ. ಶರೀರವು ಇದರಿಂದ ನೈಟ್ರಿಕ್ ಆಕ್ಸೈಡ್ ಅನ್ನು ಉತ್ಪಾದಿಸುತ್ತದೆ. ಅದು ರಕ್ತನಾಳಗಳನ್ನು ಸಡಿಲಗೊಳಿಸಿ ಹಿಗ್ಗಿಸುತ್ತದೆ. ಈ ಕಾರ್ಯವಿಧಾನದ ಶೋಧಕ್ಕಾಗಿ 1998ರಲ್ಲಿ ಮೂವರು ವಿಜ್ಞಾನಿಗಳಿಗೆ ನೊಬೆಲ್ ಪ್ರಶಸ್ತಿ ಸಂದಿತು. ಹಾಗೆಂದ ಮಾತ್ರಕ್ಕೆ ಅರ್ಜಿನೈನ್ ಹೃದಯಕ್ಕೆ ಹಿತಕರವೆಂದು ಭಾವಿಸಲಾಗದು. ಹೃದಯಾಘಾತಕ್ಕೆ ಒಳಗಾದ 153 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದನ್ನು ದಿನಕ್ಕೆ ಮೂರು ಬಾರಿ, ಪ್ರತಿ ಬಾರಿ 3 ಗ್ರಾಂನಂತೆ ನೀಡಲಾಯಿತು. ಅರ್ಜಿನೈನ್ ಪಡೆದ ಗುಂಪಿನಲ್ಲಿ ಆರು ಮಂದಿ ಮರಣ ಹೊಂದಿದರು. ಹುಸಿ ಗುಳಿಗೆ ಪಡೆದವರಲ್ಲಿ ಒಬ್ಬರೂ ಮರಣ ಹೊಂದಲಿಲ್ಲ. ಅಧ್ಯಯನಕ್ಕೆ ಹೊಸಬರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಲಾಯಿತು.

ಈಗ ಎರಡನ್ನೂ ಕೂಡಿಸಿದಾಗ ಏನಾಗಬಹುದೆಂಬುದನ್ನು ಪರಿಶೀಲಿಸೋಣ. ಅರವತ್ತು ವರ್ಷದ ಗೃಹಸ್ಥರೊಬ್ಬರು ರಕ್ತದೊತ್ತಡದ ಮಾತ್ರೆ ನುಂಗುತ್ತಿದ್ದಾರೆಂದು ಇಟ್ಟುಕೊಳ್ಳಿ. ಮಾತ್ರೆ ಒತ್ತಡವನ್ನು ಇಳಿಸುತ್ತದೆ. ಅರ್ಜಿನೈನ್ ಸಹ ಇಳಿಸುತ್ತದೆ. ರೇಷಿಯೂ ಅದಕ್ಕೆ ಕೈಗೂಡಿಸಬಹುದು. ಮೂರೂ ಒಂದೇ ದಿಕ್ಕಿಗೆ ಎಳೆದಾಗ, ಕುಳಿತಲ್ಲಿಂದ ಎದ್ದೊಡನೆ ತಲೆ ಸುತ್ತಿ ಕಣ್ಣು ಕತ್ತಲೆಗಟ್ಟುವ ಸಂಭವವಿದೆ. ಮನೆಯಲ್ಲಿ ಇದೊಂದು ಬೀಳುವಿಕೆ. ಜನಜಂಗುಳಿಯ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಪ್ರಾಣಕ್ಕೇ ಸಂಚಕಾರ. ಮಧುಮೇಹದ ಔಷಧಿ ಸೇವಿಸುವವರಲ್ಲಿ ಇದೇ ರೀತಿ ರಕ್ತದ ಸಕ್ಕರೆ ಮಿತಿಮೀರಿ ಇಳಿಯಬಹುದು. ಆಸ್ಪಿರಿನ್, ವಾರ್ಫರಿನ್ ಮುಂತಾದವನ್ನು ತೆಗೆದುಕೊಳ್ಳುವವರು ರೇಷಿ ಸೇವಿಸಿದಲ್ಲಿ ರಕ್ತಸ್ರಾವದ ಭಯವಿದೆ.

ಆದುದರಿಂದ ಈ ಕೆಳಗಿನ ಸೂಚನೆಗಳನ್ನು ಪಾಲಿಸುವುದು ಶ್ರೇಯಸ್ಕರ:

1. ಹೃದಯಾಘಾತವಾದವರು ಅರ್ಜಿನೈನ್ ಪುಡಿಯನ್ನು ಸೇವಿಸಬಾರದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು, ಯಕೃತ್ತಿನ ರೋಗವುಳ್ಳವರು ಮತ್ತು ಅಂಗ ಕಸಿ ಮಾಡಿಸಿಕೊಂಡವರು ಎರಡನ್ನೂ ದೂರವಿಡುವುದು ಲೇಸು.

2. ರಕ್ತದೊತ್ತಡ, ಮಧುಮೇಹ, ಎದೆನೋವು ಅಥವಾ ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಕೇಳುವಾಗ ಡಬ್ಬಿಯನ್ನೇ ಒಯ್ದು ತೋರಿಸಬೇಕು. ಕಲ್ಯಾಣದ ನಿವಾಸಿಗಳು ಮಹಾನಗರಪಾಲಿಕೆಯ ರುಕ್ಮಿಣಿಬಾಯಿ ಆಸ್ಪತ್ರೆಯ ವೈದ್ಯರಲ್ಲೂ ವಿಚಾರಿಸಬಹುದು.

3. ಆರೋಗ್ಯವಂತರೂ ಎರಡನ್ನು ಒಂದೇ ದಿನ ಪ್ರಾರಂಭಿಸಬಾರದು. ಒಂದನ್ನು ಆರಂಭಿಸಿ, ಕೆಲವು ವಾರ ಗಮನಿಸಿ, ಅನಂತರವೇ ಇನ್ನೊಂದರ ಯೋಚನೆ ಮಾಡಬೇಕು. ತೊಂದರೆ ಯಾವುದರಿಂದ ಬಂದಿತೆಂದು ಆಗ ಮಾತ್ರ ತಿಳಿಯುತ್ತದೆ.

4. ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದಲ್ಲಿ ಎರಡು ವಾರ ಮುಂಚಿತವಾಗಿಯೇ ಇವುಗಳನ್ನು ನಿಲ್ಲಿಸಿ, ಆ ವಿಷಯವನ್ನು ವೈದ್ಯರಿಗೆ ತಿಳಿಸಬೇಕು. ಹಲ್ಲು ಕೀಳಿಸುವ ಮುನ್ನವೂ ದಂತವೈದ್ಯರಿಗೆ ಹೇಳಬೇಕು.

5. ಕಣ್ಣು ಹಳದಿಯಾಗುವುದು, ಮೂತ್ರ ಗಾಢವರ್ಣ ತಾಳುವುದು, ಮಲ ಕಪ್ಪಾಗುವುದು, ತಲೆ ಸುತ್ತಿ ಬೀಳುವುದು — ಇವುಗಳಲ್ಲಿ ಯಾವುದು ಕಂಡರೂ ಸೇವನೆಯನ್ನು ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಬೇಕು.

6. ಆರೋಗ್ಯ ಪೂರಕವೆಂದು ಮಾರುವ ಡಬ್ಬಿಯ ಮೇಲೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆಯೂ, ‘ಔಷಧೀಯ ಬಳಕೆಗಲ್ಲ’ ಎಂಬ ಅರ್ಥದ ಸೂಚನೆಯೂ ಇವೆಯೇ ಎಂದು ನೋಡಬೇಕು. ಸೂಚಿಸಿದ ಪ್ರಮಾಣವನ್ನು ಮೀರಬಾರದು.

7. ದುಷ್ಪರಿಣಾಮ ಉಂಟಾದಲ್ಲಿ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ತಿಳಿಸಬಹುದು.

ವೈದ್ಯರು ಬರೆದುಕೊಟ್ಟ ಔಷಧಿಯನ್ನು ಬಿಟ್ಟು ಈ ಪುಡಿಗಳನ್ನು ನೆಚ್ಚುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಪ್ರಕೃತಿಯಿಂದ ಬಂದದ್ದೆಲ್ಲ ನಿರಪಾಯಕಾರಿಯೆಂಬ ಭಾವನೆಯಿಂದ ಅನೇಕರು ಇವುಗಳ ಸೇವನೆಯನ್ನು ವೈದ್ಯರಿಗೆ ಹೇಳುವುದೇ ಇಲ್ಲ. ಮುಂದಿನ ಬಾರಿ ಚಿಕಿತ್ಸಾಲಯಕ್ಕೆ ಹೋಗುವಾಗ, ಮಾತ್ರೆಗಳ ಚೀಟಿಯೊಡನೆ ಕಪಾಟಿನಲ್ಲಿರುವ ಡಬ್ಬಿಗಳನ್ನೂ ಚೀಲಕ್ಕೆ ಹಾಕಿಕೊಳ್ಳಬೇಕೆಂದು ತಮ್ಮೆಲ್ಲರಲ್ಲಿ ವಿನಂತಿ.